ಕೂಗಳತೆ

ಗೇಟು ಕೆಳಗೆ, ಮನೆ ಮೇಲೆ,
ನಡುವೆ ತೊಂಬತ್ತನಾಲ್ಕು ಮೆಟ್ಟಿಲು.
ವಾಲ್ಪರೈಸೊ ಊರೇ ಹೀಗೆ:
ಒಬ್ಬರ ಸೂರಿನ ನೆತ್ತಿಗೆ ಇನ್ನೊಬ್ಬರ ಅಂಗಳ,
ಬಂದರಿನ ಕ್ರೇನು ಎಲ್ಲರ ಕಿಟಕಿಯಲ್ಲೂ.

ಬಂದವರು ಕೆಳಗೆ ನಿಂತು ‘ಅಲೋ’ ಎನ್ನುತ್ತಿದ್ದರು.
ನಲವತ್ತು ವರ್ಷ ಅದೊಂದೇ ಮಾತು.
ಹೊಲಿಗೆಯಂತ್ರದ ಗದ್ದಲದಲ್ಲೂ ನನಗೆ ತಿಳಿಯುತ್ತಿತ್ತು:
ಕೊನೆಯನ್ನು ಎಳೆದರೆ ಗ್ಯಾಸಿನ ಹುಡುಗ ಯೆರ್ಕೊ,
ಕತ್ತರಿಸಿದಂತಿದ್ದರೆ ಸಾಲ ವಸೂಲಿಯವನು,
ಎರಡು ಸಲ ಮೆಲ್ಲಗೆ ಕೂಗಿ ಸುಮ್ಮನಾದರೆ
ಲಂಗದ ಸೊಂಟ ಬಿಡಿಸಿಕೊಳ್ಳಲು ಬಂದ ಮದುಮಗಳು
(ಮದುವೆಗಿನ್ನು ಮೂರೇ ವಾರ, ಯಾರಿಗೂ ಹೇಳಬೇಡಿ).

ಈಗ ಕಿವಿ ಮಂದ. ಬಲಗಿವಿಯಂತೂ
ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದೆ.
ಅಕ್ಕನ ಮಗ ಎಲಿಯೇಸರ್ ಒಂದು ಡಬ್ಬಿ ತಂದ.
ತಂತಿಯಿಲ್ಲದ ಕರೆಗಂಟೆ. ಐವತ್ತೆರಡು ರಾಗ.
ನೂರೈವತ್ತು ಮೀಟರು, ತೆರೆದ ಬಯಲಿನಲ್ಲಿ.
ಈ ಊರಲ್ಲಿ ತೆರೆದ ಬಯಲೆಂದರೆ
ಸಮುದ್ರ ಒಂದೇ.

ಗುಂಡಿಯ ಹೊಟ್ಟೆಯಲ್ಲಿ ಕಿರುಬೆರಳ ತುದಿಯಷ್ಟು ಬ್ಯಾಟರಿ,
ಬೆನ್ನಿಗೆ ಎರಡೂ ಬದಿ ಅಂಟುವ ಪಟ್ಟಿ.
ಕಂಬದ ತುಕ್ಕು ಕೆರೆದು ಅಂಟಿಸಿದ.
ರಾತ್ರಿ ಕಡಲಮಂಜು ಬಂದು
ಸದ್ದಿಲ್ಲದೆ ಬಿಚ್ಚಿ ನೆಲಕ್ಕಿಟ್ಟು ಹೋಯಿತು.
ಗುಂಡಿ ಹಚ್ಚುವುದು ನನಗೇನು ಹೊಸದೇ?
ಜೀನ್ಸಿಗೆ ಬಳಸುವ ದಪ್ಪ ದಾರ ತಂದು
ಕಂಬಕ್ಕೇ ಹೊಲಿದೆ. ಇವತ್ತಿಗೂ ಅಲುಗಿಲ್ಲ.

ಇನ್ನು ಉಲಿಯುವ ಪೆಟ್ಟಿಗೆ.
‘ಐದು ಸೆಕೆಂಡು ಅದುಮಿ ಹಿಡಿ ಚಿಕ್ಕಮ್ಮ, ನೀಲಿ ದೀಪ ಮಿನುಗಿದಾಗ
ನಾನು ಕೆಳಗೆ ಒತ್ತುತ್ತೇನೆ, ಎರಡಕ್ಕೂ ಪರಿಚಯವಾಗುತ್ತದೆ.’
ನಾನು ಹಿಡಿದೆ, ಅವನು ಓಡಿದ,
ಅವನು ಮುಟ್ಟುವಷ್ಟರಲ್ಲಿ ದೀಪ ಆರಿತ್ತು.
ಮೂರನೆಯ ಸಲಕ್ಕೆ ಬುದ್ಧಿ ಬಂತು:
ಪೆಟ್ಟಿಗೆಯನ್ನೇ ಹೊತ್ತು ಇಳಿದು
ಮೊದಲ ಬಾರಿ ಕುಣಿತಕ್ಕೆ ಬಂದ ಹುಡುಗ ಹುಡುಗಿಯ ಹಾಗೆ
ಒಂದೇ ಮೆಟ್ಟಿಲ ಮೇಲೆ ಕೂರಿಸಿದೆವು.
ಅಲ್ಲಿ ಚೆನ್ನಾಗಿ ಹಾಡಿತು.
ಮೇಲೆ ತಂದರೆ ಮೂಕ.

ತಗಡಿನ ಗೋಡೆ. ಯಾವುದೋ ಹಡಗಿನಿಂದಿಳಿದ ತಗಡನ್ನು
ಅಜ್ಜ ಮನೆಗೆ ಅಂಗಿಯಂತೆ ತೊಡಿಸಿದ್ದ.
ಗಾಳಿಯನ್ನೇ ಒಳಬಿಡದ್ದು ಅಲೆಯನ್ನು ಬಿಟ್ಟೀತೇ?
ಅಡಿಗೆಮನೆಯಲ್ಲಿ ಇಲ್ಲ. ಇಸ್ತ್ರಿಮೇಜಿನ ಮೇಲೆ ಇಲ್ಲ.
ಮೇರಿಮಾತೆಯ ಪಾದದ ಬಳಿ, ಇಲ್ಲ, ಇಲ್ಲ.
ಕೊನೆಗೆ ಒಲಿದದ್ದು ಒಂದೇ ಜಾಗ:
ಅಂಗಳದಂಚಿನ ಹಲಗೆಯ ಕೋಳಿಗೂಡು.

ಮೊದಲ ವಾರ ಐದೂ ಕೋಳಿ ಮೊಟ್ಟೆ ನಿಲ್ಲಿಸಿದವು.
ಆಮೇಲೆ, ಇಳಿಯುವಾಗ ನಾನು ಎರಚುವ ಜೋಳದ ಆಸೆಗೆ
ರಾಗ ಎದ್ದೊಡನೆ ಬೇಲಿಗೆ ಧಾವಿಸತೊಡಗಿದವು.
ನನಗೆ ಕೇಳುವುದಿಲ್ಲ, ಕಾಣುತ್ತದೆ:
ಯಂತ್ರದ ಮುಂದಿನ ಕಿಟಕಿಯಲ್ಲಿ
ಐದು ಕತ್ತು ಒಮ್ಮೆಗೇ ಮೇಲೇಳುತ್ತವೆ,
ನಾನು ಪೆಡಲಿನಿಂದ ಕಾಲು ತೆಗೆಯುತ್ತೇನೆ.

ಯೆರ್ಕೊ ಮಾತ್ರ ಗುಂಡಿ ಒತ್ತಿಯೂ ಕೂಗುತ್ತಾನೆ.
ಯಾಕೋ, ಎಂದರೆ,
‘ಒತ್ತಿದವನಿಗೆ ಏನೂ ಕೇಳಿಸಲ್ಲ ದೋನ್ಯಾ ಓರ್ತೆನ್ಸಿಯಾ,
ಸಿಲಿಂಡರ್ ಹೊತ್ತು ಎಷ್ಟು ಹೊತ್ತು ನಂಬುವುದು?’
ಸರಿ ಅನ್ನಿಸಿತು.

ಹಾಗಾಗಿ ಈಗ ಕೂಗುವವಳು ನಾನು.
ಕೋಳಿ ಎದ್ದೊಡನೆ ಅಂಗಳಕ್ಕೆ ಬಂದು
ಎದೆ ತುಂಬ ಉಸಿರೆಳೆದು ‘ಬಂದೇ...’
ಕಣಿವೆಯಾಚೆಯ ನಾಯಿಗಳೆಲ್ಲ ಉತ್ತರಿಸುತ್ತವೆ.

ಯಾರಿಗೆ ಕೂಗಿದೆನೆಂದು ನನಗೇ ಗೊತ್ತಿಲ್ಲ.
ಗಂಟೆಗೆ ಮದುಮಗಳೂ ಒಂದೇ, ಸಾಲದವನೂ ಒಂದೇ.
ಗೇಟು ಕಾಣುವುದು ಅರವತ್ತನೆಯ ಮೆಟ್ಟಿಲ ತಿರುವಿನಲ್ಲಿ.
ಟೇಪನ್ನು ಕೊರಳಿಗೆ ಹಾಕಿಕೊಂಡೇ ಇಳಿಯುತ್ತೇನೆ:
ಸಾಲದವನೇ ಆಗಿದ್ದರೆ
ಅವನದೂ ಒಂದು ಅಳತೆ ತೆಗೆದುಕೊಂಡರಾಯಿತು.